ಕೂಗುವ ಉರಿ, ಕೂಗದ ಕಿಡ್ನಿ

ಹುಲಿಯೂರುದುರ್ಗದ ಕಡೆ ಹೆಂಗಸರು ಉರಿಮೂತ್ರದ ತೊಂದರೆಯನ್ನು ಬಾಯಿಬಿಟ್ಟು ಹೇಳುವುದೇ ಕಡಿಮೆ. ಹೇಳಿದರೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ‘ಒಂದಕ್ಕೆ ಹೋದ್ರೆ ಉರಿ ಕಣಕ್ಕಾ’ ಎಂದು ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಉಸುರಿ, ಅವಳು ಏನಾದರೂ ಕೇಳುವ ಮೊದಲೇ ‘ಉಷ್ಣ ಆಗಿರ್ಬೇಕು ಬಿಡು’ ಎಂದು ತೀರ್ಮಾನವನ್ನೂ ತಾವೇ ಕೊಟ್ಟುಬಿಡುತ್ತಾರೆ. ಎಳನೀರು, ನೀರುಮಜ್ಜಿಗೆ, ಬಾರ್ಲಿ ಗಂಜಿ, ನೆನೆಹಾಕಿದ ಕೊತ್ತಂಬರಿ ಬೀಜದ ನೀರು, ಬಾಳೆದಿಂಡಿನ ರಸ. ತೆಂಗು ಬಾಳೆಯ ಸೀಮೆಯಲ್ಲಿ ಇವಕ್ಕೆ ಬರವಿಲ್ಲ. ಎರಡು ದಿನದಲ್ಲಿ ಉರಿ ಇಳಿದರೆ ಸರಿ. ಇಳಿಯದೆ ಚಳಿಜ್ವರ ಹತ್ತಿಕೊಂಡಾಗ ಕುಣಿಗಲ್ಲಿಗೋ ಮದ್ದೂರಿಗೋ ಬಸ್ಸು ಹತ್ತುತ್ತಾರೆ.

ಮೂತ್ರಕೋಶವಾದರೂ ವಾಸಿ, ನೋವಾದರೆ ಕೂಗಿ ಹೇಳುತ್ತದೆ. ಮೂತ್ರಪಿಂಡದ ಸ್ವಭಾವ ಬೇರೆ. ಅರ್ಧ ಕೆಲಸ ನಿಂತುಹೋದರೂ ಅದು ತುಟಿಪಿಟಕ್ಕೆನ್ನುವುದಿಲ್ಲ. ಕೂಗುವುದನ್ನು ಕೇಳಿಸಿಕೊಂಡು, ಕೂಗದ್ದನ್ನು ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಇಷ್ಟು ಸರಳವಾದ ಸಂಗತಿಗೆ ಬರಲು ವೈದ್ಯಶಾಸ್ತ್ರ ಸುತ್ತುದಾರಿ ಹಿಡಿಯಿತು. ವಿಚಿತ್ರವೆಂದರೆ, ಕೂಗದ ಕಿಡ್ನಿಯ ಗುಟ್ಟು ಅದಕ್ಕೆ ಮೊದಲು ಸಿಕ್ಕಿತು. ಕೂಗುತ್ತಿದ್ದ ಹೆಣ್ಣಿನ ಮಾತು ಕಿವಿಗೆ ಬಿದ್ದದ್ದು ಆಮೇಲೆ.

ಹಳೆಯ ಕಾಲದ್ದನ್ನು ಬೇಗ ಹೇಳಿ ಮುಗಿಸಬಹುದು. ಚರಕ ಸಂಹಿತೆ ಮೂತ್ರಕೃಚ್ಛ್ರವನ್ನು, ಅಂದರೆ ನೋವಿನಿಂದ ಮೂತ್ರ ಹೋಗುವುದನ್ನು, ಎಂಟು ಬಗೆ ಎಂದಿತು. ಸುಶ್ರುತ ಸಂಹಿತೆ ಅಶ್ಮರಿಯನ್ನು, ಅಂದರೆ ಮೂತ್ರದ ಕಲ್ಲನ್ನು, ನಾಲ್ಕು ಬಗೆ ಮಾಡಿ, ಅದನ್ನು ಕೊಯ್ದು ತೆಗೆಯುವ ವಿಧಾನವನ್ನೂ ವಿವರಿಸಿತು. ಸಿಹಿಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮವರು ಆಗಲೇ ಗಮನಿಸಿದ್ದರು. ಯೂರೋಪಿನ ವೈದ್ಯರು ಶತಮಾನಗಟ್ಟಲೆ ಗಾಜಿನ ಬುಡ್ಡಿಯಲ್ಲಿ ಮೂತ್ರವನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ ಭವಿಷ್ಯ ನುಡಿಯುತ್ತಿದ್ದರು. ಅದರಲ್ಲಿ ಅರ್ಧ ವೈದ್ಯ, ಅರ್ಧ ಕಣಿ.

ನಿಜವಾದ ಆರಂಭ 1827. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯ, ಮೈಯೆಲ್ಲ ನೀರು ತುಂಬಿ ಊದಿಕೊಂಡು ಬಂದವರ ಮೂತ್ರವನ್ನು ಕಾಯಿಸಿ ನೋಡುತ್ತಿದ್ದ. ಅದಕ್ಕೆ ಚಮಚ, ಮೇಣದ ಬತ್ತಿ ಸಾಕಾಗಿತ್ತು. ಮೂತ್ರ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿದರೆ ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆ ಎಂದರ್ಥ. ಅಂಥವರು ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಅವರ ಮೂತ್ರಪಿಂಡಗಳು ಕೆಟ್ಟಿರುವುದು ಕಂಡಿತು. ಕಾಲಿನ ಊತ, ಮೂತ್ರದ ಪ್ರೋಟೀನು, ಕೆಟ್ಟ ಕಿಡ್ನಿ ಮೂರೂ ಒಂದೇ ಸರಪಳಿಯ ಕೊಂಡಿಗಳೆಂದು ತೋರಿಸಿದವನು ಅವನು. ಅದೇ ಆಸ್ಪತ್ರೆಯ ಜಾನ್ ಲೀವರ್ 1843ರಲ್ಲಿ ಬಸುರಿ ಬಾಣಂತಿಯರಿಗೆ ಬರುವ ಫಿಟ್ಸ್ ಹಿಂದೆಯೂ ಈ ಪ್ರೋಟೀನನ್ನು ಕಂಡ. ಬಸುರಿನಲ್ಲಿ ಬಿ.ಪಿ. ಏರಿ ತಾಯಿ ಮಗು ಇಬ್ಬರ ಜೀವಕ್ಕೂ ಎರವಾಗುವ ನಂಜಿನ ಸುಳಿವು ಹೀಗೆ ಸಿಕ್ಕಿತು.

ಬ್ರೈಟ್‌ನ ಚಮಚವೇ ಮುಂದೆ ನಮ್ಮೂರ ಆಸ್ಪತ್ರೆಗಳಿಗೆ ಪ್ರನಾಳವಾಗಿ ಬಂತು. ನರ್ಸಮ್ಮ ಗಾಜಿನ ನಳಿಗೆಯಲ್ಲಿ ಮುಕ್ಕಾಲು ಪಾಲು ಮೂತ್ರ ತುಂಬಿಸಿ, ಬುಡವನ್ನು ಇಕ್ಕಳದಲ್ಲಿ ಹಿಡಿದು, ಮೇಲ್ಭಾಗವನ್ನಷ್ಟೇ ಸ್ಪಿರಿಟ್ ದೀಪಕ್ಕೆ ಒಡ್ಡುತ್ತಿದ್ದಳು. ಕಾದ ಭಾಗ ಕಲಕಿದಂತಾದರೆ ಎರಡು ಹನಿ ಅಸಿಟಿಕ್ ಆಮ್ಲ. ಆಮೇಲೆ ತಿಳಿಯಾದರೆ ಅದು ಬರೀ ಫಾಸ್ಫೇಟ್, ಹಾಗೆಯೇ ಉಳಿದರೆ ಆಲ್ಬುಮಿನ್. ಕೆಳಗಿನ ಕಾಯದ ಭಾಗ ಹೋಲಿಸಿ ನೋಡುವುದಕ್ಕೆ. ಸಕ್ಕರೆಗೆ ಬೆನೆಡಿಕ್ಟ್ ದ್ರಾವಣ: ಐದು ಎಂ.ಎಲ್. ನೀಲಿ ನೀರಿಗೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಿದರೆ ಹಸಿರು, ಹಳದಿ, ಕಿತ್ತಳೆ, ಕಡೆಗೆ ಇಟ್ಟಿಗೆ ಕೆಂಪು. 1956ರಲ್ಲಿ ಅಮೆರಿಕದಲ್ಲಿ ಹೆಲೆನ್ ಫ್ರೀ, ಆಲ್ಫ್ರೆಡ್ ಫ್ರೀ ದಂಪತಿ ಮೂತ್ರದ ಸಕ್ಕರೆಗೆ ಅದ್ದಿ ನೋಡುವ ಪಟ್ಟಿ ತಂದ ಮೇಲೆ ದೀಪ ಮೂಲೆಗೆ ಸರಿಯಿತು. ಇಂದು ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಮೂತ್ರದ ಪ್ರೋಟೀನು, ಸಕ್ಕರೆ ಎಂದು ಬರೆದಿರುವುದು ಬಹುಪಾಲು ಆ ಪಟ್ಟಿಯ ಬಣ್ಣ ನೋಡಿಯೇ.

ಉರಿಯ ಕಡೆಗೆ ಬರೋಣ. ಹೆಣ್ಣಿನ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರು, ಗಂಡಿನದು ಇಪ್ಪತ್ತರ ಹತ್ತಿರ. ಮಲದ್ವಾರದ ಸುತ್ತ ಇರುವ ಬ್ಯಾಕ್ಟೀರಿಯಾಕ್ಕೆ ಹೆಣ್ಣಿನ ಮೂತ್ರಕೋಶ ಗಿಡ್ಡ ದಾರಿ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಜೀವಮಾನದಲ್ಲಿ ಒಮ್ಮೆಯಾದರೂ ಮೂತ್ರದ ಸೋಂಕು ಅನುಭವಿಸುತ್ತಾರೆ. ಮುಖ್ಯ ಅಪರಾಧಿ ಇ. ಕೋಲಿ. ಜರ್ಮನಿಯ ಮಕ್ಕಳ ವೈದ್ಯ ಥಿಯೋಡೋರ್ ಎಷರಿಕ್ 1885ರಲ್ಲಿ ವಿವರಿಸಿದ ಕರುಳಿನ ಬ್ಯಾಕ್ಟೀರಿಯಾ ಇದು. ಇದರಲ್ಲಿ ಹೆಣ್ಣಿನ ನಡತೆಯ ಪ್ರಶ್ನೆಯೇ ಇಲ್ಲ. ಮದುವೆಯಾದ ಹೊಸತರಲ್ಲಿ ಉರಿಮೂತ್ರ ಬಂದ ಹುಡುಗಿಯರು ಇದನ್ನು ‘ಕೆಟ್ಟ ರೋಗ’ ಎಂದು ಹೆದರಿ ಬಾಯಿ ಮುಚ್ಚಿಕೊಂಡಿರುತ್ತಾರೆಂದು ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ಸೋಂಕೆನ್ನಬಹುದೇ? ಬಾಟಲಿಗೆ ಹಿಡಿಯುವಾಗ ಚರ್ಮದಿಂದಲೂ ಸೇರಿಕೊಂಡಿರಬಹುದಲ್ಲ? ಬೋಸ್ಟನ್ನಿನ ಎಡ್ವರ್ಡ್ ಕ್ಯಾಸ್ 1956ರಲ್ಲಿ ಇದಕ್ಕೆ ಒಂದು ಗೆರೆ ಎಳೆದ: ಒಂದು ಎಂ.ಎಲ್. ಮೂತ್ರದಲ್ಲಿ ಒಂದು ಲಕ್ಷ ಬ್ಯಾಕ್ಟೀರಿಯಾ. ಬಸುರಿಯರಲ್ಲಿ ಈ ಲೆಕ್ಕ ಬಹಳ ಉಪಕಾರ ಮಾಡಿತು. ಯಾವ ಉರಿಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಹೊತ್ತ ಬಸುರಿಯರಿಗೆ ಮದ್ದು ಕೊಡದೆ ಬಿಟ್ಟರೆ, ಅವರಲ್ಲಿ ಕಾಲುಪಾಲಿನವರೆಗೂ ಕಿಡ್ನಿಗೆ ಸೋಂಕು ಏರಬಲ್ಲದು ಎಂದು ಗೊತ್ತಾಯಿತು. ಆದ್ದರಿಂದ ಬಸುರಿನಲ್ಲಿ ಒಮ್ಮೆ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿ ಕಾರ್ಡಿನ ಪ್ರೋಟೀನು, ಸಕ್ಕರೆ ಪರೀಕ್ಷೆ ಈ ಬ್ಯಾಕ್ಟೀರಿಯಾವನ್ನು ಹಿಡಿಯುವುದಿಲ್ಲ. ‘ಮೂತ್ರ ಪರೀಕ್ಷೆ ಆಯ್ತಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು.

ಅದೇ ಲಕ್ಷದ ಗೆರೆ ಉರಿ ಇದ್ದವರ ಮಟ್ಟಿಗೆ ಅನ್ಯಾಯವನ್ನೂ ಮಾಡಿತು. ಹೆಂಗಸು ಉರಿ ಎನ್ನುತ್ತಾಳೆ, ಲ್ಯಾಬು ಎಣಿಕೆ ಸಾಲದೆನ್ನುತ್ತದೆ, ವೈದ್ಯರು ಮನಸ್ಸಿನ ಕಾಯಿಲೆ ಎಂದು ಕಳಿಸುತ್ತಾರೆ. 1982ರಲ್ಲಿ ಅಮೆರಿಕದ ವಾಲ್ಟರ್ ಸ್ಟಾಮ್ ಮತ್ತು ಸಂಗಡಿಗರು ಉರಿ ಇದ್ದ ಹೆಂಗಸರ ಮೂತ್ರಕೋಶದಿಂದಲೇ ನೇರವಾಗಿ ಮೂತ್ರ ತೆಗೆದು ನೋಡಿದರು. ಕರುಳಿನ ಬ್ಯಾಕ್ಟೀರಿಯಾ ನಿಜವಾಗಿ ಸೇರಿಕೊಂಡಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಲಕ್ಷದ ಗೆರೆಯ ಕೆಳಗಿದ್ದರು. ಉರಿ ಇದ್ದವರಲ್ಲಿ ನೂರು ಕಂಡರೂ ಸಾಕು ಎಂದರು ಅವರು. 2002ರಲ್ಲಿ ಇನ್ನೊಂದು ತಂಡ ಹಳೆಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿಯಿತು. ಉರಿ ಇದೆ, ಪದೇ ಪದೇ ಹೋಗಬೇಕೆನಿಸುತ್ತದೆ, ಬಿಳಿಸೆರಗು ಅಥವಾ ತುರಿಕೆ ಇಲ್ಲ. ಹೆಂಗಸು ಹೀಗೆ ಹೇಳಿದರೆ ಸೋಂಕಿರುವ ಸಾಧ್ಯತೆ ನೂರಕ್ಕೆ ತೊಂಬತ್ತರಷ್ಟು. ಇಷ್ಟೆಲ್ಲ ಯಂತ್ರ ಬಂದ ಮೇಲೆ ಶಾಸ್ತ್ರ ಹೆಣ್ಣಿನ ಬಾಯಿಮಾತಿಗೇ ವಾಪಸಾಯಿತು. ಈ ಚರಿತ್ರೆಯಲ್ಲಿ ನಾನು ದೊಡ್ಡದೆಂದು ಎಣಿಸುವುದು ಈ ತಿರುವನ್ನೇ. ಬಿಳಿಸೆರಗೋ ತುರಿಕೆಯೋ ಇದ್ದರೆ ಮೂಲ ಬೇರೆ ಇರಬಹುದು, ಅದಕ್ಕೆ ಒಳಪರೀಕ್ಷೆ ಬೇಕು.

ಬಾಯಿಮಾತು ಹೊರಗೆ ಬರಬೇಕಲ್ಲ! 1989ರಲ್ಲಿ ರಾಣಿ ಬಂಗ್, ಅಭಯ್ ಬಂಗ್ ದಂಪತಿ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು, ಹಿಂದೆ ಒಳಪರೀಕ್ಷೆ ಕಂಡಿದ್ದವರು ನೂರಕ್ಕೆ ಎಂಟು. ಅದರ ಜಾಡಿನಲ್ಲಿ ಕರ್ನಾಟಕದಲ್ಲೂ ಜೆ.ಸಿ. ಭಾಟಿಯಾ ಮತ್ತಿತರರ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಈ ಮೌನ ಮುರಿಯುವ ಕೆಲಸವನ್ನು ಅಷ್ಟರೊಳಗೇ ಡಾ. ಅನುಪಮಾ ನಿರಂಜನ ತಮ್ಮ ಆರೋಗ್ಯ ಬರಹಗಳಲ್ಲಿ ಶುರುಮಾಡಿದ್ದರು. ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ಗಳನ್ನು ಎಷ್ಟು ಹೆಣ್ಣುಮಕ್ಕಳು ದಿಂಬಿನ ಕೆಳಗಿಟ್ಟು ಓದಿದರೋ!

ಮೌನದ ಜೊತೆಗೆ ಮೂತ್ರ ಕಟ್ಟಿಕೊಂಡು ಕೂರುವುದು. 2011ರ ಜನಗಣತಿಯಲ್ಲಿ ಗ್ರಾಮೀಣ ಕರ್ನಾಟಕದ ಮನೆಗಳಲ್ಲಿ ನೂರಕ್ಕೆ 28ರಲ್ಲಿ ಮಾತ್ರ ಶೌಚಾಲಯವಿತ್ತು. ಕತ್ತಲಾಗುವ ತನಕ ತಡೆದುಕೊಳ್ಳುವುದು, ತಡೆದುಕೊಳ್ಳಬೇಕೆಂದೇ ನೀರು ಕುಡಿಯದಿರುವುದು ತಾಯಿಯಿಂದ ಮಗಳಿಗೆ ಬಂದ ಅಭ್ಯಾಸ. ಮನೆಗೆ ಶೌಚಾಲಯ ಬಂದ ಮೇಲೂ ಆ ಅಭ್ಯಾಸ ಬೇರೆ ಕಡೆ ಮುಂದುವರಿದಿದೆ: ಗಾರ್ಮೆಂಟ್ಸ್‌ನಲ್ಲಿ, ನಾಟಿ ಗದ್ದೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಬೀಗವಿಲ್ಲದ ಶಾಲೆಯ ಶೌಚಾಲಯದೆದುರು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಡಿಮೆ ನೀರು ಕುಡಿಯುತ್ತಿದ್ದ, ಪದೇ ಪದೇ ಸೋಂಕಾಗುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರು ಹೆಚ್ಚು ನೀರು ಕುಡಿಸಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾದರೆ, ಕುಡಿಯದವರಿಗೆ 3.2 ಸಲ. ಅಂದರೆ ಎಳನೀರು ಮಜ್ಜಿಗೆಯ ಅಜ್ಜಿಯರು ಪೂರ್ತಿ ತಪ್ಪಲ್ಲ. ಹತ್ತಿದ ಸೋಂಕನ್ನು ಅದೊಂದೇ ಇಳಿಸುತ್ತದೆಂದು ಜ್ವರ ಬಂದ ಮೇಲೂ ಕಾದು ಕೂರುವುದು ತಪ್ಪು.

ಕಾಯಬಾರದ ಲಕ್ಷಣಗಳಿವು. ನಡುಕ ಬರಿಸುವ ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನ ಒಂದು ಮಗ್ಗುಲಲ್ಲಿ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಬರೀ ಉರಿಗೂ ಕಾಯುವಂತಿಲ್ಲ. ಬೆನ್ನಿನಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿದು ಒದ್ದಾಡಿಸುವ ನೋವು ಕಲ್ಲಿನದು. ಮುಟ್ಟು ನಿಂತವರಲ್ಲಿ ಮೂತ್ರದ ಜೊತೆ ರಕ್ತ ಕಂಡರೆ, ನೋವಿಲ್ಲದಿದ್ದರೂ, ಅದು ಗರ್ಭಕೋಶದ್ದೋ ಮೂತ್ರಕೋಶದ್ದೋ ಎಂದು ತಿಳಿಯಲೇಬೇಕು. ಔಷಧಿ ಕೊಟ್ಟರೂ ಇಳಿಯದ ಉರಿ, ಮೂತ್ರದಲ್ಲಿ ಕೀವುಕಣ, ಆದರೆ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ ಎಂದರೆ ನಮ್ಮ ದೇಶದಲ್ಲಿ ಮೂತ್ರಾಂಗದ ಕ್ಷಯವನ್ನು ನೆನೆಯಬೇಕು.

ಕಲ್ಚರಿಗೂ ದಾರಿಯ ತೊಡಕಿದೆ. ಮೊದಲ ಧಾರೆ ಬಿಟ್ಟು ನಡುಧಾರೆ ಹಿಡಿದ ಮೂತ್ರ ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು. ಬೆಚ್ಚಗಿದ್ದರೆ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಏಪ್ರಿಲ್ ಬಿಸಿಲಲ್ಲಿ ಹುಲಿಯೂರುದುರ್ಗದಿಂದ ಕುಣಿಗಲ್ಲಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ವ್ಯಾನಿಟಿ ಬ್ಯಾಗಿನಲ್ಲಿ ತುಮಕೂರು ತಲುಪಿದ ಬಾಟಲಿ ಏನು ಹೇಳೀತು? ಹಾಗಾಗಿ ಎಷ್ಟೋ ಕಡೆ ಕಲ್ಚರ್ ಬಿಟ್ಟು ಮೆಡಿಕಲ್ ಸ್ಟೋರಿನ ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗೇ ಮೊರೆ. ಎರಡು ದಿನ ನುಂಗಿ ಬಿಟ್ಟು, ಮತ್ತೆ ಬಂದಾಗ ಉಳಿದದ್ದನ್ನು ನುಂಗಿ, ಇ. ಕೋಲಿಗೆ ಆ ಮಾತ್ರೆಗಳನ್ನು ಎದುರಿಸುವ ಪಾಠ ನಾವೇ ಹೇಳಿಕೊಟ್ಟಿದ್ದೇವೆ. ಕೊನೆಗೆ ವೈದ್ಯರು 1953ರಷ್ಟು ಹಳೆಯ ನೈಟ್ರೋಫ್ಯುರಾಂಟಾಯಿನ್‌ಗೆ ಮರಳಿದ್ದಾರೆ. ಅದನ್ನು ತಿಂದವರು ಮೂತ್ರ ಕಂದು ಬಣ್ಣಕ್ಕೆ ತಿರುಗಿತೆಂದು ಹೆದರಬೇಕಿಲ್ಲ. ಆದರೆ ಅದು ಮೂತ್ರಕೋಶದ ಮದ್ದು, ಕಿಡ್ನಿಗೇರಿದ ಸೋಂಕಿಗೆ ನಾಟದು.

ವಯಸ್ಸಾದವರದು ಬೇರೆ ಅಧ್ಯಾಯ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು, ಯೋನಿಯ ಕಾವಲಿಗಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಸೋಂಕು ಮರುಕಳಿಸುತ್ತದೆ. ಅಲ್ಲಿಗೇ ಹಚ್ಚುವ ಈಸ್ಟ್ರೋಜೆನ್ ಕ್ರೀಮು ಇದನ್ನು ತಡೆಯುತ್ತದೆಂದು 1993ರಲ್ಲೇ ಗೊತ್ತಾದರೂ ಹಳ್ಳಿಯ ಚೀಟಿಯಲ್ಲಿ ಅದು ಕಾಣುವುದು ಅಪರೂಪ. ಕೆಮ್ಮಿದರೆ, ನಕ್ಕರೆ, ಬಿಂದಿಗೆ ಎತ್ತಿದರೆ ಹನಿ ಜಾರುವುದನ್ನು ಹೆತ್ತವಳ ಪಾಡೆಂದು ಸಹಿಸುತ್ತಾರೆ. ಅದಕ್ಕೆ ಆರ್ನಾಲ್ಡ್ ಕೀಗೆಲ್ 1948ರಲ್ಲಿ ಹೇಳಿದ ತಳಸ್ನಾಯು ಬಿಗಿಯುವ ವ್ಯಾಯಾಮಕ್ಕೆ ಕಾಸು ಖರ್ಚಿಲ್ಲ.

ಇನ್ನು ಕೂಗದ ಕಿಡ್ನಿ. ಬೆಳಿಗ್ಗೆ ಕಣ್ಣ ಸುತ್ತ ಬಾವು, ಸಂಜೆ ಕಾಲುಂಗುರ ಬಿಗಿಯುವ ಊತ, ನಿಲ್ಲದ ನೊರೆಮೂತ್ರ ಕಂಡರೆ ಬ್ರೈಟ್‌ನ ಕಾಲದ ಸುಳಿವೇ ಅದು. ಹರೆಯದ ಹುಡುಗಿಯಲ್ಲಿ ಇವುಗಳ ಜೊತೆ ಕೀಲುನೋವು, ಕೆನ್ನೆಯ ಮೇಲೆ ಕೆಂಪು ಇದ್ದರೆ ಲೂಪಸ್ ಇರಬಹುದು. ಇದು ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚು ಹಿಡಿಯುವ ರೋಗ. ಉಳಿದವರಿಗೆ ಮುಖ್ಯ ಕಾರಣ ಸಕ್ಕರೆ, ಬಿ.ಪಿ. ಸೊಂಟನೋವಿಗೆ, ಮಂಡಿನೋವಿಗೆ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆಯನ್ನೂ ಇದಕ್ಕೆ ಸೇರಿಸಿ. ಲಕ್ಷಣವಿಲ್ಲದೆ ಸಾಗುವ ಈ ಕಾಯಿಲೆಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೇ ಗತಿ, ಆದರೆ ಅದನ್ನು ಓದುವುದರಲ್ಲೂ ಹೆಣ್ಣಿಗೊಂದು ಮೋಸವಿದೆ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ, ಸ್ನಾಯು ಕಡಿಮೆಯಿದ್ದರೆ ಅಂಕಿಯೂ ಕಡಿಮೆ. ಮೂವತ್ತರ ಗಂಡಸಿಗೆ 1.2 ಬಂದರೆ ಕಿಡ್ನಿಯ ಸೋಸುವ ಶಕ್ತಿ (ಇಜಿಎಫ್‌ಆರ್) 80ರ ಮೇಲೆ. ಅದೇ 1.2 ಅರವತ್ತರ ಹೆಂಗಸಿಗೆ ಬಂದರೆ ಇಂದಿನ ಸೂತ್ರದ ಪ್ರಕಾರ ಐವತ್ತರ ಆಸುಪಾಸು. ಮೂರು ತಿಂಗಳು ಹಾಗೇ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು 2002ರಿಂದ ವ್ಯಾಖ್ಯೆ ಇದೆ. ವರದಿಯಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿದ್ದರೂ ಇಜಿಎಫ್‌ಆರ್ ಎಷ್ಟು ಎಂದು ಕೇಳುವುದು ಅದಕ್ಕೇ.

ಕಿಡ್ನಿ ಪೂರ್ತಿ ಸೋತಾಗ ಯಂತ್ರದಲ್ಲಿ ರಕ್ತ ಸೋಸುವ ಡಯಾಲಿಸಿಸ್‌ನಿಂದ ಮೊದಲು ಬದುಕುಳಿದದ್ದು ಒಬ್ಬ ಹೆಂಗಸು, 1945ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಲೆಮ್ ಕೋಲ್ಫ್ ಕೈಯಲ್ಲಿ, 67ನೇ ವಯಸ್ಸಿನಲ್ಲಿ. ಒಂದು ಕಾಲಕ್ಕೆ ಡಯಾಲಿಸಿಸ್ ಎಂದರೆ ಬೆಂಗಳೂರು ಎಂದಿದ್ದದ್ದು ಈಗ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳವರೆಗೂ ಇಳಿದಿದೆ. ಹೆಚ್ಚಿನದಕ್ಕೆ ವಿಕ್ಟೋರಿಯಾ ಆವರಣದ ಸರ್ಕಾರಿ ನೆಫ್ರೊ ಯುರಾಲಜಿ ಸಂಸ್ಥೆ ಇದೆ. ಆದರೆ ವಾರಕ್ಕೆ ಎರಡು ಮೂರು ಸಲ ಕರೆದುಕೊಂಡು ಹೋಗುವವರು ಯಾರು ಎಂಬ ಪ್ರಶ್ನೆ ಎದ್ದಾಗ ಹೆಂಗಸಿನ ಸರದಿ ಮುಂದಕ್ಕೆ ಹೋಗುತ್ತದೆ. 2018ರಲ್ಲಿ ವಿಶ್ವ ಕಿಡ್ನಿ ದಿನವೂ ಮಹಿಳಾ ದಿನವೂ ಮಾರ್ಚ್ 8ರಂದೇ ಬಿದ್ದಾಗ ಕಿಡ್ನಿ ತಜ್ಞರು ಈ ತಾರತಮ್ಯವನ್ನೇ ವರ್ಷದ ವಿಷಯ ಮಾಡಿಕೊಂಡರು. ಭಾರತದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡಂದಿರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಕೊಟ್ಟವಳಿಗೂ ವರ್ಷಕ್ಕೊಮ್ಮೆ ಬಿ.ಪಿ., ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್ ನೋಡಿಸಬೇಕು. ಪಡೆದವನ ಚೀಟಿ ಹಿಡಿದು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವ ಮನೆಯವರು ಅವಳ ಹೆಸರಿಗೂ ಒಂದು ಚೀಟಿ ಮಾಡಿಸಿದರೆ ಅದೇ ಬಸ್ಸಿನಲ್ಲಿ ಎರಡೂ ಕೆಲಸ ಆಗುತ್ತದೆ.