ಕಣ ರಸ್ತೆಗೆ ಬಂದ ಮೇಲೆ

ಚಿಕ್ಕಯ್ಯನಛತ್ರದ ಹೆಸರಿನಲ್ಲಿ ದಾರಿಹೋಕರು ತಂಗುತ್ತಿದ್ದ ಕಾಲದ ನೆನಪಿದೆ. ಈಗ ನಂಜನಗೂಡು, ತಿ. ನರಸೀಪುರ ಸೀಮೆಯ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ತಂಗುವುದು ಹುರುಳಿ, ರಾಗಿ. ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು ಮರೆಯಾಗುತ್ತ ಬಂದಂತೆ ಡಾಂಬರೇ ಕಣವಾಯಿತು. ನಮ್ಮ ಟೈರುಗಳೇ ರೋಣಗಲ್ಲು.

ಒಣ ಹುರುಳಿಯ ಹಾಸಿನ ಮೇಲೆ ಟೈರಿಗೆ ರಸ್ತೆಯ ಹಿಡಿತ ಸಿಗುವುದಿಲ್ಲ. ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ನಿಂತ ಚಕ್ರ ಸ್ಟೇರಿಂಗಿನ ಮಾತನ್ನೂ ಕೇಳದು. ಅಂಬಾಸಿಡರ್ ಕಾಲದ ಚಾಲಕರ ಪಾಠ ಹೀಗಿತ್ತು: ಆಕ್ಸಲರೇಟರ್ ಬಿಡು, ಬ್ರೇಕನ್ನು ಬಿಟ್ಟುಬಿಟ್ಟು ತುಳಿ, ಕಾರಿನ ಹಿಂಭಾಗ ಎತ್ತ ಜಾರುತ್ತದೋ ಅತ್ತಲೇ ಸ್ಟೇರಿಂಗ್ ತಿರುಗಿಸು. ಕೊನೆಯದು ಕೈಗೆ ಬರುವುದು ಕಷ್ಟ. ಹೆದರಿದ ಕೈ ಹೆಚ್ಚೇ ತಿರುಗಿಸಿ ಕಾರನ್ನು ಇನ್ನೊಂದು ಕಡೆಗೆ ಎಸೆಯುತ್ತದೆ.

1978ರಲ್ಲಿ ಬಾಷ್‌ನ ಎಬಿಎಸ್ ಮರ್ಸಿಡಿಸ್ ಕಾರಿಗೆ ಬಂತು. ಬಿಟ್ಟುಬಿಟ್ಟು ತುಳಿಯುವ ಕೆಲಸವನ್ನು ಅದು ಕಾಲಿಗಿಂತ ಬೇಗ ಮಾಡುತ್ತದೆ. ಹಾಗಾಗಿ ಪಾಠ ತಿರುವುಮುರುವಾಯಿತು: ಬ್ರೇಕನ್ನು ಒತ್ತಿಯೇ ಹಿಡಿ. ಆದರೂ ಸಡಿಲ ಹಾಸಿನ ಮೇಲೆ ಕಾರು ನಿಲ್ಲುವ ದೂರ ಹೆಚ್ಚಬಹುದು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. 125 ಸಿಸಿವರೆಗಿನ ಬೈಕಿಗೆ ಆಗಿನ ನಿಯಮ ಅದನ್ನು ಕೇಳಲಿಲ್ಲ. ಹುರುಳಿಯ ಮೇಲೆ ಮೊದಲು ಬೀಳುವವನು ಆ ಬೈಕಿನವನು. ಎಷ್ಟೋ ಸಲ ಅವನ ಮನೆಯ ಹುರುಳಿಯೂ ಅದೇ ರಸ್ತೆಯಲ್ಲಿ ಒಣಗುತ್ತಿರುತ್ತದೆ.