ಗುರುವಿನ ಸಮಾಧಿ, ಶಿಷ್ಯನ ಕುಟೀರ
ಚೀನಾದೇಶದ ಷಾನ್‌ಡೊಂಗ್ ಪ್ರಾಂತದ ಚ್ಯೂಫು ಪಟ್ಟಣದ ಉತ್ತರಕ್ಕೆ, ಕೊಂಗ್ ವಂಶದ ಅಸಂಖ್ಯ ಸಮಾಧಿಗಳನ್ನು ಮಡಿಲಲ್ಲಿಟ್ಟುಕೊಂಡಿರುವ ಈ ಪುರಾತನ ವನದಲ್ಲಿ, ಕ್ರಿ.ಪೂ. 479ರಲ್ಲಿ ದೇಹತ್ಯಾಗ ಮಾಡಿದ, ಅದೇ ವಂಶದ ಮಹಾಗುರು ಕನ್‌ಫ್ಯೂಷಿಯಸನ ಸಮಾಧಿಯಿದೆ. ಅದರ ಪಶ್ಚಿಮಕ್ಕೆ ಕಾಣುವ ಕಿರುಮನೆಯು ಶಿಷ್ಯ ತ್ಸಿಗೊಂಗನ ಸ್ಮಾರಕ. ಉಳಿದ ಶಿಷ್ಯರು ಮೂರು ವರ್ಷ ಶೋಕವನ್ನಾಚರಿಸಿ ತೆರಳಿದ ಮೇಲೆಯೂ, ವಾಣಿಜ್ಯದಲ್ಲಿಯೂ ರಾಜದೌತ್ಯದಲ್ಲಿಯೂ ಹೆಸರಾಂತಿದ್ದ ಈತನು ಇಲ್ಲಿಯೇ ಕುಟೀರವನ್ನು ಕಟ್ಟಿಕೊಂಡು ಮತ್ತೆ ಮೂರು ವರ್ಷ ಉಳಿದನೆಂದು ಇತಿಹಾಸಕಾರ ಸಿಮಾ ಚಿಯನ್ ಬರೆದಿದ್ದಾನೆ.

ಆ ಆರು ವರ್ಷಗಳಲ್ಲಿ ಗುರುವಿನ ಬೋಧೆಯೇ ಮೂರ್ತಿವೆತ್ತಿತೆನ್ನಬೇಕು. ಏಕೆಂದರೆ ಶೋಕದಲ್ಲಿ ವಿಧಿಯ ಆಡಂಬರಕ್ಕಿಂತ ಹೃದಯದ ವ್ಯಥೆಯೇ ಮೇಲೆಂದೂ, ರೆನ್ ಎಂಬ ಮಾನವಪ್ರೇಮವಿಲ್ಲದೆ ಲೀ ಎಂಬ ಸದಾಚಾರವು ನಿರ್ಜೀವವೆಂದೂ, ಆ ಪ್ರೇಮವು ಮಾತಾಪಿತೃಗಳಲ್ಲಿನ ಭಕ್ತಿಯಿಂದ ಬೇರೂರಿ ರಾಜ್ಯದವರೆಗೂ ಹಬ್ಬಬೇಕೆಂದೂ ಗುರುವು ಉಪದೇಶಿಸಿದ್ದನು.

ಜೀವಮಾನವೆಲ್ಲ ಅನುಸರಿಸಬಹುದಾದ ಒಂದೇ ತತ್ತ್ವವಾವುದೆಂದು ಗುರುವನ್ನು ಕೇಳಿದವನೂ ಈ ತ್ಸಿಗೊಂಗನೇ. ತನಗೊಲ್ಲದುದನ್ನು ಪರರಿಗೆ ಮಾಡದಿರುವ ಸಮಭಾವವೇ ಅದೆಂದು ಉತ್ತರ ದೊರೆಯಿತು. ರಾಜ್ಯಕ್ಕೆ ಅನ್ನ, ಆಯುಧ, ಪ್ರಜೆಗಳ ವಿಶ್ವಾಸ ಈ ಮೂರೂ ಬೇಕಾದರೂ, ಅನಿವಾರ್ಯವಾದಲ್ಲಿ ಮೊದಲು ಆಯುಧವನ್ನೂ ಬಳಿಕ ಅನ್ನವನ್ನೂ ಬಿಡಬಹುದು, ವಿಶ್ವಾಸವನ್ನು ಮಾತ್ರ ಬಿಡಲಾಗದೆಂಬ ನಿರ್ಣಯವು ಹೊರಟುದೂ ಈತನ ಪ್ರಶ್ನೆಯಿಂದಲೇ. ಆಳುವವರಿಗೆ ಇದಕ್ಕಿಂತ ಕಠಿನವಾದ ನೀತಿಯನ್ನು ವಿಧಿಸಿದವರು ವಿರಳ.

ಸಮಾಧಿಯ ಮುಂದಿನ ಶಿಲಾಫಲಕವು 1443ರದು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1966ರಲ್ಲಿ, ಒಡೆಯಲ್ಪಟ್ಟ ಇದನ್ನು ಅನಂತರ ಜೋಡಿಸಿ ನಿಲ್ಲಿಸಲಾಯಿತು. ಚ್ಯೂಫುವಿನಲ್ಲಿರುವ ಗುರುವಿನ ದೇವಾಲಯ, ಆತನ ವಂಶಸ್ಥರ ಸೌಧ ಹಾಗೂ ಈ ವನ 1994ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.