ಮಳೆಮಾಪಕ ಹೇಳದ ಮಾತು

ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ಸಹ್ಯಾದ್ರಿಯ ಮಲೆನಾಡು. ಪೂರ್ವದಲ್ಲಿ ಚನ್ನರಾಯಪಟ್ಟಣದ ಬಯಲುಸೀಮೆ. ಅರಕಲಗೂಡು, ಹಾಸನ, ಹೊಳೆನರಸೀಪುರ ಇವೆರಡರ ನಡುವಿನವು. ನೈರುತ್ಯ ಮಾರುತ ಘಟ್ಟವನ್ನೇರುವಾಗಲೇ ಹೆಚ್ಚಿನ ನೀರನ್ನು ಸುರಿಸಿಬಿಡುವುದರಿಂದ ಪೂರ್ವಕ್ಕೆ ಹೋದಂತೆ ಮಳೆ ಇಳಿಮುಖವಾಗುತ್ತದೆ. ಆದ್ದರಿಂದ ಒಂದೂರಿನ ಮಳೆಯ ಲೆಕ್ಕ ಇನ್ನೊಂದೂರಿಗೆ ಒಪ್ಪುವುದಿಲ್ಲ.

ಮಳೆಯ ಲೆಕ್ಕವೆಂದರೆ ಪ್ರಾಣದ ಲೆಕ್ಕವೆಂಬುದನ್ನು ಮೈಸೂರು ಸಂಸ್ಥಾನ 1876–78ರ ಬರಗಾಲದಲ್ಲಿ ಕಂಡಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಸಂಸ್ಥಾನದ ಹವಾಮಾನ ವೀಕ್ಷಣೆ ವ್ಯವಸ್ಥಿತವಾಯಿತು. ಬೆಂಗಳೂರು, ಮೈಸೂರು, ಚಿತ್ರದುರ್ಗಗಳೊಂದಿಗೆ ಹಾಸನದಲ್ಲೂ ವೀಕ್ಷಣಾಲಯ ನಡೆಯಿತು.

ಆದರೆ ಮಳೆಮಾಪಕ ಎಷ್ಟು ಮಳೆಯಾಯಿತು ಎಂದಷ್ಟೇ ಹೇಳೀತು. ಹೊಂಗೆ ಎಂದು ಚಿಗುರಿತು, ಬಾವಿಯ ನೀರು ಎಷ್ಟು ಏರಿತು, ಬಿತ್ತನೆ ಎಷ್ಟು ದಿನ ತಡವಾಯಿತು ಎಂದು ಹೇಳದು. ಈ ಇನ್ನರ್ಧ ಲೆಕ್ಕವಿದ್ದುದು ರೈತರ ನೆನಪಿನಲ್ಲಿ. ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿ, ಒಂದೊಂದಕ್ಕೆ 13–14 ದಿನ ಕೊಟ್ಟು, ಭರಣಿ, ರೋಹಿಣಿ, ಆರಿದ್ರೆಯ ಮಳೆ ನೋಡಿ ಅವರು ಬಿತ್ತನೆ ನಿಶ್ಚಯಿಸುತ್ತಿದ್ದರು. ಅದು ನಿಜವಾದ ವೀಕ್ಷಣೆಯೇ. ಬರೆದಿಟ್ಟ ದಿನಾಂಕವೊಂದೇ ಕೊರತೆ.

ಈ ಕೊರತೆ ಸಣ್ಣದಲ್ಲ. ಹಾಸನದ ಆಲೂಗಡ್ಡೆಯನ್ನೇ ನೋಡಿ. ಮೋಡ ಕವಿದು, ತಂಪಾಗಿ, ಜಿನುಗು ಮಳೆ ದಿನಗಟ್ಟಲೆ ಹಿಡಿದರೆ ಅಂಗಮಾರಿ ರೋಗ ಹಬ್ಬುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡು ಮಹಾಕ್ಷಾಮ ತಂದದ್ದು ಇದೇ ರೋಗ. ಒಟ್ಟು ಮಳೆ ಸರಾಸರಿಯಷ್ಟೇ ಇದ್ದರೂ ಬೆಳೆ ಹೋಗಬಹುದು. ಮಳೆಯ ಅಂಕಿಯ ಪಕ್ಕದಲ್ಲಿ ಎಲೆಯ ಮೇಲೆ ಮೊದಲ ಕಲೆ ಕಂಡ ದಿನವೂ ದಾಖಲಾಗಿದ್ದರೆ, ಮುಂದಿನ ವರ್ಷದ ರೈತನಿಗೆ ಅದೇ ಮುನ್ಸೂಚನೆ.

ಇಂಥ ದಾಖಲೆ ಇಡಲು ದೊಡ್ಡ ಪ್ರಯೋಗಾಲಯ ಬೇಡ. ಇಂಗ್ಲೆಂಡಿನ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರರು 1736ರಲ್ಲಿ ವಸಂತದ ಮೊದಲ ಹೂವು, ಮೊದಲ ಹಕ್ಕಿಯ ಕೂಗುಗಳ ದಿನಾಂಕ ಬರೆಯತೊಡಗಿದರು. ಅವರ ವಂಶದವರು 1958ರವರೆಗೂ ಮುಂದುವರಿಸಿದರು. ನಮ್ಮ ದೇಶದಲ್ಲಿ 2010ರಲ್ಲಿ ಆರಂಭವಾದ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾ ಮಕ್ಕಳೂ ಸ್ವಯಂಸೇವಕರು. ಆಯ್ದ ಮರವೊಂದರ ಚಿಗುರು, ಹೂವು, ಕಾಯಿಗಳನ್ನು ವಾರಕ್ಕೊಮ್ಮೆ ನೋಡಿ ಬರೆಯುವುದು ಅವರ ಕೆಲಸ.

ವಿದ್ಯಾರ್ಥಿ ಮಿತ್ರರೇ, ಹೇಮಾವತಿಯ ದಡದ ಹೊಳೆನರಸೀಪುರದಲ್ಲೊಬ್ಬರು, ಚನ್ನರಾಯಪಟ್ಟಣದ ಕೆರೆಯ ಬಳಿ ಒಬ್ಬರು ಒಂದೇ ದಿನ ಒಂದೇ ಜಾತಿಯ ಮರವನ್ನು ಗಮನಿಸಿ ಬರೆದರೆ ಹೋಲಿಕೆ ಸಾಧ್ಯ. ಹಿರಿಯರ ಮಳೆಯ ನೆನಪುಗಳನ್ನೂ ಕೇಳಿ ಬರೆದುಕೊಳ್ಳಿ. ದಿನಾಂಕ, ಸ್ಥಳ, ಕಂಡದ್ದು — ಈ ಮೂರೇ ಅಂಕಣ ಸಾಕು. ಕಾಣದ ದಿನ ಕಾಣಲಿಲ್ಲವೆಂದೇ ಬರೆಯಿರಿ.